ಹಡಗಿನ ‘ಸೀ ಡೇ’ ಕೆಳಗಿನ ಡೆಕ್ಕಿನಿಂದ ನೋಡಿದ್ರೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಕ್ರೂಸ್ ಹೋಗಿ ಬಂದವರೊಬ್ಬರು ಬರೆದ ಲೇಖನ ಓದಿದೆ. ಚೆಂದ ಬರೆದಿದ್ದಾರೆ, ಅದ್ರಲ್ಲಿ ಎರಡು ಮಾತಿಲ್ಲ. ಹಡಗು ಯಾವ ಬಂದರಿಗೂ ಹೋಗದೆ ಇಡೀ ದಿನ ಕಡಲಿನಲ್ಲೇ ಇರುವ ದಿನಕ್ಕೆ ‘ಸೀ ಡೇ’ ಅಂತಾರೆ, ಆ ದಿನ ಹಡಗಿನಲ್ಲಿ ಯಾರಿಗೂ ಎಂತ ಕೆಲಸವೂ ಇರುದಿಲ್ಲ, ಎಲ್ರಿಗೂ ಪುರುಸೊತ್ತು ಅನ್ನುವ ಹಾಗೆ ಒಂದು ಕಡೆ ಬರೆದಿದ್ದಾರೆ. ನಾನು ಮಂಜೇಶ್ವರ ಕಡೆಯವ, 2007ರಿಂದ 2020ರ ವರೆಗೆ ಕ್ರೂಸ್ ಹಡಗುಗಳಲ್ಲಿ ದುಡಿದವ, ಮೊದಲು ಗ್ಯಾಲಿಯಲ್ಲಿ, ಅಂದ್ರೆ ಹಡಗಿನ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ಕೆಲಸ, ಆಮೇಲೆ ಬಫೆಯಲ್ಲಿ, ಕೊನೆಗೆ ಡೈನಿಂಗ್ ರೂಮಿನಲ್ಲಿ ವೇಟರ್. ಆ ಒಂದು ಮಾತು ಓದಿದ ಮೇಲೆ ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ, ಅದಕ್ಕೆ ಬರೀತಾ ಇದ್ದೇನೆ. ಬರೆದವರ ತಪ್ಪು ಅಂತ ಹೇಳುದಲ್ಲ, ಅವರು ಇದ್ದ ಡೆಕ್ಕಿನಿಂದ ಅಷ್ಟೇ ಕಾಣುದು.

ನಾವು ಇರುದು ನೀರಿನ ಮಟ್ಟಕ್ಕಿಂತ ಕೆಳಗೆ. ಒಂದು ಕ್ಯಾಬಿನಿಗೆ ಇಬ್ಬರು, ಒಂದರ ಮೇಲೊಂದು ಮಂಚ, ಕಿಟಕಿ ಇಲ್ಲ. ಬೆಳಗಾಯ್ತಾ ರಾತ್ರಿಯಾ ಅಂತ ಗೊತ್ತಾಗ್ಬೇಕಾದ್ರೆ ಮೊಬೈಲೇ ನೋಡ್ಬೇಕು. ಆದ್ರೆ ಹೊರಗೆ ಕಡಲು ಹೇಗುಂಟು ಅಂತ ಮಾತ್ರ ನೋಡದೆಯೇ ಗೊತ್ತಾಗ್ತದೆ, ಎದುರು ಭಾಗದ ಕ್ಯಾಬಿನ್ ಆದ್ರೆ ತಲೆಯ ಹತ್ರವೇ ನೀರು ಬಂದು ಗುದ್ದುವ ಶಬ್ದ, ಆಟಿ ತಿಂಗಳಲ್ಲಿ ನಮ್ಮ ಕಣ್ವತೀರ್ಥದ ಬದಿಯಲ್ಲಿ ಮಲಗಿದ್ರೆ ಕೇಳ್ತದಲ್ವಾ ಹಾಗೆ, ಆದ್ರೆ ನಡುವೆ ಬರೀ ಒಂದು ಕಬ್ಬಿಣದ ಗೋಡೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮಿಂದು ಯೂನಿಫಾರ್ಮ್ ಹಾಕಿ ಹೊರಗೆ ಬಂದ್ರೆ ಹಡಗಿನ ಈ ತುದಿಯಿಂದ ಆ ತುದಿಗೆ ಒಂದು ಉದ್ದದ ಓಣಿ ಉಂಟು, ಅಮೆರಿಕದ ಕಂಪನಿಗಳ ಹಡಗಿನಲ್ಲಿ ಅದಕ್ಕೆ ‘ಐ 95’ ಅಂತ ಹೆಸರು, ಅಲ್ಲಿಯ ದೊಡ್ಡ ಹೈವೇಯ ಹೆಸರು ಅದು, ಬ್ರಿಟಿಷ್ ಹಡಗಿನಲ್ಲಿ ‘ಬರ್ಮಾ ರೋಡ್’ ಅಂತಾರೆ. ಆ ಹೊತ್ತಿಗೆ ಅಲ್ಲಿ ನಮ್ಮ ಹೊಸಂಗಡಿ ಪೇಟೆಯ ಹಾಗೆ ಜನ. ತರಕಾರಿ ಟ್ರಾಲಿ ಹೋಗ್ತಾ ಇರ್ತದೆ, ಲಾಂಡ್ರಿಯ ಗಾಡಿ ಬರ್ತಾ ಇರ್ತದೆ, ರಾತ್ರಿ ಶಿಫ್ಟ್ ಮುಗಿಸಿದವ್ರು ಕಣ್ಣು ಉಜ್ಜಿಕೊಂಡು ಎದುರಿಗೆ ಬರ್ತಾರೆ. ಮೇಲೆ ಎರಡು ಸಾವಿರ ಗೆಸ್ಟ್ ಇನ್ನೂ ನಿದ್ದೆಯಲ್ಲಿ.

ಸೀ ಡೇ ಯಾಕೆ ಕಷ್ಟ ಅಂತ ಹೇಳ್ತೇನೆ. ಹಡಗು ಬಂದರಿಗೆ ಹೋದ ದಿನ ಗೆಸ್ಟುಗಳು ಬೆಳಿಗ್ಗೆ ಒಂಬತ್ತು ಗಂಟೆಗೆಲ್ಲಾ ಇಳಿದು ಊರು ನೋಡ್ಲಿಕ್ಕೆ ಹೋಗ್ತಾರೆ, ವಾಪಸ್ ಬರುವಾಗ ಸಂಜೆ. ನಮ್ಮ ಪಣಂಬೂರಿಗೆ ಬಂದ ಕ್ರೂಸಿನವ್ರು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಬಸದಿ ಅಂತ ಬಸ್ಸಿನಲ್ಲಿ ಹೋಗುದು ನೀವು ನೋಡಿರ್ಬಹುದು, ಆ ಹೊತ್ತಿನಲ್ಲಿ ಹಡಗಿನೊಳಗೆ ಊಟದ ಕಡೆ ಅರ್ಧ ಖಾಲಿ, ನಮಗೆ ಎರಡು ಗಂಟೆ ಬ್ರೇಕ್ ಸಿಗ್ತದೆ, ಪುಣ್ಯ ಇದ್ರೆ ಇಳಿದು ಮನೆಗೆ ಒಂದು ಫೋನ್ ಮಾಡಿ ಬರ್ಬಹುದು. ಸೀ ಡೇ ಆದ್ರೆ ಎರಡು ಸಾವಿರ ಜನವೂ ಒಳಗೇ. ಹೋಗುದೆಲ್ಲಿಗೆ, ಸುತ್ತ ನೀರು. ಹಾಗಾಗಿ ಬೆಳಿಗ್ಗೆಯ ತಿಂಡಿ, ತಡವಾಗಿ ಎದ್ದವರ ತಿಂಡಿ, ಮಧ್ಯಾಹ್ನದ ಊಟ, ನಾಲ್ಕು ಗಂಟೆಯ ಚಾ, ರಾತ್ರಿಯ ಊಟ, ಅದರ ಮೇಲೆ ನಡುರಾತ್ರಿಯ ತಿಂಡಿ. ಒಂದು ಮುಗಿಯುವ ಮೊದಲೇ ಇನ್ನೊಂದು.

ನನ್ನ ಮೊದಲ ಕಾಂಟ್ರಾಕ್ಟ್ ಪಾಟ್ ವಾಶಿನಲ್ಲಿ. ಅಂದ್ರೆ ಪ್ಲೇಟು ಲೋಟ ಅಲ್ಲ, ಅದಕ್ಕೆ ಮಿಷನ್ ಉಂಟು. ನಮ್ಮ ಪಾಲಿಗೆ ಬರುದು ಮಾಂಸ ಬೇಯಿಸಿದ ದೊಡ್ಡ ಟ್ರೇಗಳು, ಸುಟ್ಟು ಹಿಡಿದ ಪಾತ್ರೆಗಳು, ನಾನು ಒಳಗೆ ಕೂರುವಷ್ಟು ದೊಡ್ಡ ಹಂಡೆಗಳು. ಮೂರು ಸಿಂಕು ಸಾಲಾಗಿ, ಒಂದರಲ್ಲಿ ಸೋಪಿನ ಬಿಸಿನೀರು, ಒಂದರಲ್ಲಿ ಬರೀ ನೀರು, ಮೂರನೇದ್ರಲ್ಲಿ ಕ್ಲೋರಿನ್ ಹಾಕಿದ ನೀರು. ತೊಳೆದದ್ದನ್ನು ಬಟ್ಟೆಯಲ್ಲಿ ಒರೆಸ್ಲಿಕ್ಕೆ ಇಲ್ಲ, ಗಾಳಿಗೇ ಒಣಗ್ಬೇಕು. ಒಂದರೊಳಗೆ ಒಂದು ಒದ್ದೆ ಪಾತ್ರೆ ಇಟ್ರೆ ಇನ್ಸ್‌ಪೆಕ್ಷನಿನಲ್ಲಿ ಮಾರ್ಕ್ ಹೋಗ್ತದೆ. ಅಮೆರಿಕದ ಆರೋಗ್ಯ ಇಲಾಖೆಯವ್ರು ಹೇಳದೆ ಕೇಳದೆ ಹಡಗಿಗೆ ಹತ್ತುದು, ನೂರರಲ್ಲಿ 86 ಬಂದ್ರೆ ಪಾಸು, 85 ಬಂದ್ರೆ ಫೇಲು. ಆ ಭಯ ಎಲ್ರಿಗೂ ಉಂಟು, ಒಳ್ಳೇದೇ ಆ ಭಯ, ಅದ್ರಿಂದಲೇ ಅಷ್ಟು ಜನ ಒಟ್ಟಿಗೆ ಉಂಡ್ರೂ ಹೊಟ್ಟೆ ಕೆಡುದು ಕಡಿಮೆ. ಆದ್ರೆ ಮೊದಲ ಎರಡು ವಾರಕ್ಕೆ ನನ್ನ ಬೆರಳ ಸಂದಿನ ಚರ್ಮ ಎಲ್ಲಾ ಎದ್ದು ಬಂತು, ಗ್ಲೌಸ್ ಹಾಕಿದ್ರೂ ಒಳಗೆ ನೀರು ಹೋಗ್ತದೆ, ರಾತ್ರಿ ಮೆಸ್ಸಿನಲ್ಲಿ ಸ್ಪೂನಿನಲ್ಲಿ ಉಂಡೆ, ಕೈಯಲ್ಲಿ ಕಲಸಿ ಉಣ್ಲಿಕ್ಕೆ ಆಗ್ತಾ ಇರಲಿಲ್ಲ, ಉಪ್ಪು ತಾಗಿದ್ರೆ ಉರಿ. ಕುಂದಾಪುರ ಕಡೆಯ ಒಬ್ಬರು ಅದೇ ಗ್ಯಾಲಿಯಲ್ಲಿ ನನಗಿಂತ ಹಳಬರು, ಅವರೇ ಹೇಳಿದ್ದು, ರಾತ್ರಿ ತೆಂಗಿನೆಣ್ಣೆ ಹಚ್ಚಿ ಕಾಲುಚೀಲ ಕೈಗೆ ಹಾಕಿ ಮಲಗು ಅಂತ. ಹಾಗೆ ಮಲಗಿದೆ. ಮನೆಗೆ ಫೋನ್ ಮಾಡಿದಾಗ ಅಮ್ಮ ಎಂತ ಕೆಲಸ ಮಗಾ ಅಂತ ಕೇಳಿದ್ರೆ ಹೋಟೆಲಿನ ಹಾಗೆ ಅಮ್ಮ ಅಂತ ಹೇಳಿದೆ.

ಮೇಲಿನವರ ದಿನವೂ ನನಗೆ ಗೊತ್ತುಂಟು, ಆಮೇಲೆ ಎಂಟು ವರ್ಷ ಅವರ ಮಧ್ಯೆಯೇ ಇದ್ದವ. ಉದ್ದದ ಪ್ರಯಾಣಕ್ಕೆ ಬರುವವರು ಹೆಚ್ಚಿನವ್ರು ವಯಸ್ಸಾದವ್ರು, ರಿಟೈರ್ ಆದವ್ರು. ಬೆಳಿಗ್ಗೆ ಆರಕ್ಕೆ ಡೆಕ್ಕಿನ ಸುತ್ತ ವಾಕಿಂಗ್, ಆಮೇಲೆ ತಿಂಡಿ, ಆಮೇಲೆ ಕ್ವಿಜ್, ಡ್ಯಾನ್ಸ್ ಕ್ಲಾಸ್, ಮುಂದಿನ ಊರಿನ ಬಗ್ಗೆ ಭಾಷಣ, ಬಿಂಗೋ. ಹಿಂದಿನ ರಾತ್ರಿಯೇ ಕ್ಯಾಬಿನಿನಲ್ಲಿ ಇಟ್ಟ ಕಾಗದದಲ್ಲಿ ಎಲ್ಲಾ ಬರೆದಿರ್ತದೆ, ಕೆಲವರು ಅದಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಕಿಸೆಯಲ್ಲಿ ಇಟ್ಕೊಂಡೇ ತಿಂಡಿಗೆ ಬರುದು. ಜೂಜಿನ ಕೋಣೆ ಮತ್ತು ತೆರಿಗೆ ಇಲ್ಲದ ಅಂಗಡಿಗಳು ಬಂದರಿನಲ್ಲಿ ಹೆಚ್ಚಾಗಿ ಬಾಗಿಲು ಹಾಕಿರ್ತವೆ, ಹೊರಕಡಲಿಗೆ ಬಂದ ಮೇಲೆಯೇ ತೆಗೆಯುದು, ಹಾಗಾಗಿ ಅಲ್ಲಿ ಕೆಲಸ ಮಾಡುವವರಿಗೂ ಸೀ ಡೇ ಪೂರ್ತಿ ದಿನದ ಡ್ಯೂಟಿ.

ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಪ್ಟನ್ ಮೈಕಿನಲ್ಲಿ ಮಾತಾಡ್ತಾರೆ. ನಾವು ಈಗ ಎಲ್ಲಿದ್ದೇವೆ, ಅಕ್ಷಾಂಶ ರೇಖಾಂಶ ಎಷ್ಟು, ಗಾಳಿ ಎಷ್ಟು, ಹಡಗಿನ ಸ್ಪೀಡ್ ಎಷ್ಟು, ಕೆಳಗೆ ನೀರು ಎಷ್ಟು ಆಳ. ಇಪ್ಪತ್ತು ನಾಟ್ ಅಂದ್ರೆ ಗಂಟೆಗೆ 37 ಕಿಲೋಮೀಟರ್, ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸಿನಷ್ಟು ಕೂಡ ಇಲ್ಲ, ಆದ್ರೆ ಆ ಬಸ್ಸು ರಾತ್ರಿ ಹಗಲು ನಿಲ್ಲದೆ ಆರು ದಿನ ಹೋದ ಹಾಗೆ. ಫಿಜಿಯಿಂದ ಹವಾಯಿಗೆ ಹೋಗುವಾಗ ಒಮ್ಮೆ ಐದು ಸಾವಿರ ಮೀಟರ್ ಆಳ ಅಂತ ಹೇಳಿದ್ರು. ನಾನು ಕೈಯಲ್ಲಿ ಸೂಪಿನ ಟ್ರೇ ಹಿಡಿದವ ಅಲ್ಲೇ ನಿಂತೆ. ಕುದುರೆಮುಖ 1,894 ಮೀಟರ್. ನಮ್ಮ ಕಡೆ ಹಿಂದೆ ದೋಣಿಯವ್ರು ಅದರ ತುದಿ ನೋಡಿ ದಿಕ್ಕು ಹಿಡಿತಿದ್ರು ಅಂತ ಅಜ್ಜ ಹೇಳುದು ಕೇಳಿದ್ದೇನೆ. ಅಂಥಾ ಎರಡೂವರೆ ಕುದುರೆಮುಖ ಒಂದರ ಮೇಲೆ ಒಂದು ಇಟ್ರೂ ನಮ್ಮ ಕಾಲಿನ ಹತ್ರ ಬರುದಿಲ್ಲ ಅಂತ ಆಯ್ತಲ್ಲ.

ಅದೇ ಓಟದಲ್ಲಿ ನಡೆದ ಇನ್ನೊಂದು ವಿಷಯ ಹೇಳ್ಲೇಬೇಕು. ಸಿಡ್ನಿಯಿಂದ ಪೂರ್ವಕ್ಕೆ ಹವಾಯಿಗೆ ಹೋಗುವಾಗ ಗಡಿಯಾರ ಒಟ್ಟು ನಾಲ್ಕು ಗಂಟೆ ಮುಂದೆ ಹೋಗ್ತದೆ, ಒಂದೊಂದು ರಾತ್ರಿ ಒಂದೊಂದು ಗಂಟೆ. ಗೆಸ್ಟುಗಳು ಮರುದಿನ ಒಂದು ಗಂಟೆ ತಡವಾಗಿ ಎದ್ರೆ ಆಯ್ತು, ನಮಗೆ ಹಾಗಿಲ್ಲ, ಐದಕ್ಕೆ ಡ್ಯೂಟಿ ಅಂದ್ರೆ ಐದಕ್ಕೇ, ನಿದ್ದೆಯಲ್ಲಿ ಒಂದು ಗಂಟೆ ಕಟ್. ಪಶ್ಚಿಮಕ್ಕೆ ಹೋಗುವಾಗ ಉಲ್ಟಾ, ಒಂದು ಗಂಟೆ ಹೆಚ್ಚು ಸಿಗ್ತದೆ, ಆ ರಾತ್ರಿ ಕ್ರೂ ಬಾರಿನಲ್ಲಿ ಎಲ್ರ ಮುಖದಲ್ಲಿ ನಗು. ಮತ್ತೆ ಆ ಕಡಲಿನ ನಡುವೆ ತಾರೀಕು ಬದಲಾಗುವ ಗೆರೆ ಉಂಟು, ಡೇಟ್ ಲೈನ್ ಅಂತಾರೆ, ಪೂರ್ವಕ್ಕೆ ಹೋಗುವಾಗ ಅದನ್ನು ದಾಟಿದ್ರೆ ಒಂದು ತಾರೀಕು ಎರಡು ಸಲ ಬರ್ತದೆ. ಒಂದು ವರ್ಷ ಹಾಗೆ ಎರಡು ಸಲ ಬಂದದ್ದು ನಮ್ಮ ಹೊಸ ವರ್ಷದ ಹಬ್ಬ ಬಿಸು. ನಾನು, ಆ ಕುಂದಾಪುರದವ್ರು, ಬಜ್ಪೆಯ ಒಬ್ಬ, ಕಣ್ಣೂರಿನ ಇಬ್ಬರು, ಅವರಿಗೆ ವಿಷು. ರಾತ್ರಿ ಹನ್ನೆರಡರ ಮೇಲೆ ನಮ್ಮ ಕ್ಯಾಬಿನಿನಲ್ಲಿ ಕಣಿ ಇಟ್ಟೆವು, ಹಬ್ಬದ ದಿನ ಎದ್ದ ಕೂಡ್ಲೇ ಮೊದಲು ನೋಡ್ಲಿಕ್ಕೆ ಇಡುದು ಅದು. ಅನಾನಸು, ಕಿತ್ತಳೆ, ಒಂದು ಸೌತೆಕಾಯಿ, ಶೇವಿಂಗ್ ಮಾಡುವ ಕನ್ನಡಿ, ಹತ್ತು ರೂಪಾಯಿಯ ಒಂದು ನಾಣ್ಯ. ತೆಂಗಿನಕಾಯಿ ಇರಲಿಲ್ಲ. ದೀಪ ಹಚ್ಚಲಿಕ್ಕೆ ಇಲ್ಲ, ಹಡಗಿನಲ್ಲಿ ಬೆಂಕಿಯ ವಿಷಯದಲ್ಲಿ ಯಾವ ಸಡಿಲವೂ ಇಲ್ಲ, ಒಂದು ಲೋಟ ನೀರಿನ ಕೆಳಗೆ ಮೊಬೈಲಿನ ಟಾರ್ಚ್ ಇಟ್ಟೆವು, ನೀರು ಬೆಳ್ಳಗೆ ಬೆಳಗಿತು. ಬೆಳಿಗ್ಗೆ ನಾಲ್ಕಕ್ಕೆ ಒಬ್ಬೊಬ್ಬರೇ ಕಣ್ಣು ಮುಚ್ಚಿ ಬಂದು ನೋಡಿ ಡ್ಯೂಟಿಗೆ ಹೋದದ್ದು. ಮರುದಿನ ಅದೇ ತಾರೀಕು. ಹಣ್ಣು ಹಾಗೇ ಉಂಟಲ್ಲ, ತೆಗೀಬಾರ್ದು ಅಂತ ಕಣ್ಣೂರಿನವ ಹೇಳಿದ. ಎರಡನೇ ದಿನವೂ ಕಣಿ ನೋಡಿಯೇ ಹೋದೆವು. ಮನೆಯಲ್ಲಿ ಬಿಸು ಮುಗಿದಿತ್ತು.

ಕಡಲು ಕೆಟ್ಟ ದಿನ ಇನ್ನೊಂದು ಕಥೆ. ಹಡಗಿನ ಎರಡು ಬದಿಗೆ ನೀರಿನೊಳಗೆ ರೆಕ್ಕೆಯ ಹಾಗೆ ಸ್ಟೆಬಿಲೈಸರ್ ಉಂಟು, ಅದು ಬದಿಗೆ ಹೊರಳುದನ್ನು ಕಡಿಮೆ ಮಾಡ್ತದೆ, ಮುಂದಿನಿಂದ ಎತ್ತಿ ಹಾಕುದಕ್ಕೆ ಅದ್ರಿಂದ ಏನೂ ಆಗುದಿಲ್ಲ. ಮೆಟ್ಟಿಲಿನ ಹತ್ರ, ಲಿಫ್ಟಿನ ಹತ್ರ ಕಾರ್ಲಿಕ್ಕೆ ಚೀಲ ಸಿಕ್ಕಿಸಿ ಇಡ್ತಾರೆ. ನಾವು ಟೇಬಲ್ ಬಟ್ಟೆಗೆ ನೀರು ಚಿಮುಕಿಸಿ ಒದ್ದೆ ಮಾಡುದು, ಹಾಗೆ ಮಾಡಿದ್ರೆ ಪ್ಲೇಟು ಜಾರುದಿಲ್ಲ. ಹಸಿರು ಸೇಬು, ಬರೀ ಬಿಸ್ಕತ್ತು, ಶುಂಠಿ ಕೊಡುದು. ನಮಗೂ ಹೊಟ್ಟೆ ತೊಳೆಸ್ತದೆ, ಕ್ರೂ ಅಂದ್ರೆ ಕಬ್ಬಿಣದ ಜನ ಅಲ್ಲ, ಒಳಗೆ ಹೋಗಿ ಕಾರಿ ಬಾಯಿ ಮುಕ್ಕಳಿಸಿ ಬಂದು ಮತ್ತೆ ನಗುಮುಖದಲ್ಲಿ ಕಾಫಿ ಬೇಕಾ ಅಂತ ಕೇಳುದು. ಒಂದು ಸಲ ನನ್ನ ಟೇಬಲಿಗೆ ಪ್ರತಿದಿನ ಒಬ್ಬರೇ ಬರುವ ಒಬ್ಬರು ಅಜ್ಜಿ, ಎಂಬತ್ತರ ಮೇಲೆ ವಯಸ್ಸು, ಅಂಥಾ ದಿನವೂ ಬಂದ್ರು. ಗಂಡ ಇದ್ದಾಗ ಒಟ್ಟಿಗೆ ಬರ್ತಿದ್ದ ಹಡಗಂತೆ. ಕುರ್ಚಿಯ ಹತ್ರ ಬರುವಾಗ ಹಡಗು ಒಮ್ಮೆ ಎತ್ತಿ ಹಾಕಿತು, ನನ್ನ ಮುಂಗೈ ಗಟ್ಟಿಯಾಗಿ ಹಿಡಿದ್ರು. ಕೂತ ಮೇಲೆಯೂ ಬಿಡ್ಲಿಲ್ಲ, ನಾನೂ ಬಿಡಿಸ್ಲಿಲ್ಲ, ಬೇರೆ ಟೇಬಲಿನವ್ರು ಕರೀತಾ ಇದ್ರು. ನಿನ್ನ ಮಗಳ ಪರೀಕ್ಷೆ ಇವತ್ತಲ್ವಾ ಅಂತ ಕೇಳಿದ್ರು. ಹೌದು, ಅವತ್ತು ನನ್ನ ಮಗಳ ಎಸ್ಸೆಸ್ಸೆಲ್ಸಿ ಕನ್ನಡ ಪರೀಕ್ಷೆ. ಹತ್ತು ದಿನ ಹಿಂದೆ ಒಮ್ಮೆ ಹೇಳಿದ್ದೆ, ಅವರು ನೆನಪಿಟ್ಟಿದ್ರು. ಆ ಮುಂಗೈಯಲ್ಲಿ ಬೆರಳಿನ ಗುರುತು ಸಂಜೆಯ ವರೆಗೆ ಇತ್ತು. ಹಾಗಾಗಿ ಗೆಸ್ಟುಗಳ ಮೇಲೆ ನನಗೆ ಸಿಟ್ಟು ಉಂಟು ಅಂತ ಯಾರೂ ತಿಳ್ಕೊಳ್ಬೇಡಿ, ಅವರಲ್ಲಿ ಎಷ್ಟೋ ಜನ ಒಂಟಿಯಾಗಿ ಬರುದು ಮಾತಾಡ್ಲಿಕ್ಕೆ ಜನ ಬೇಕು ಅಂತಲೇ.

ಆದ್ರೆ ಒಂದು ವಿಷಯ ನನಗೆ ಸಹಿಸ್ಲಿಕ್ಕೆ ಆಗದ್ದು ಅನ್ನ ಬಿಸಾಡುದು. ಬಫೆಯಲ್ಲಿ ಎಷ್ಟು ಬೇಕಾದ್ರೂ ತಗೊಳ್ಬಹುದು, ಸೀ ಡೇಯಲ್ಲಿ ಹೊತ್ತು ಹೋಗದೆ ಜನ ಹಸಿವಿಲ್ಲದಿದ್ರೂ ಪ್ಲೇಟು ತುಂಬಿಸ್ತಾರೆ, ಎರಡು ತುತ್ತು ತಿಂದು ಬಿಟ್ಟು ಹೋಗ್ತಾರೆ. ಇಟ್ಟು ನಾಲ್ಕು ಗಂಟೆ ಆದದ್ದನ್ನು ನಿಯಮದ ಪ್ರಕಾರ ನಾವೇ ಬಿಸಾಡ್ಬೇಕು, ಅದು ಬೇರೆ. ಎಲ್ಲಾ ಒಟ್ಟಾಗಿ ಗ್ಯಾಲಿಯ ಗ್ರೈಂಡರಿಗೆ ಹೋಗಿ ಪೇಸ್ಟ್ ಆಗಿ ದಡದಿಂದ ದೂರ ಕಡಲಿಗೆ ಹೋಗ್ತದೆ. ಕುಚ್ಚಲಕ್ಕಿ ಗಂಜಿ, ಉಪ್ಪಡ್ ಪಚ್ಚಿಲ್ ತಿಂದು ಬೆಳೆದವ ನಾನು, ಬಟ್ಟಲಿನಲ್ಲಿ ಒಂದು ಅಗುಳು ಬಿಟ್ರೆ ಅಜ್ಜಿ ಏಳ್ಲಿಕ್ಕೆ ಬಿಡ್ತಿರಲಿಲ್ಲ. ಮೊದಲ ಸಲ ಇಡೀ ಟ್ರೇ ಅನ್ನ ಆ ಮಿಷನಿಗೆ ಹಾಕುವಾಗ ಕೈ ನಡುಗಿತು, ಕೊನೆಯ ವರ್ಷವೂ ಅದು ಅಭ್ಯಾಸ ಆಗ್ಲಿಲ್ಲ. ನಮ್ಮ ಊರಿನವ್ರು ಈಗ ಕ್ರೂಸ್ ಹೋಗ್ಲಿಕ್ಕೆ ಶುರು ಮಾಡಿದ್ದಾರೆ, ದಯವಿಟ್ಟು ಬೇಕಾದಷ್ಟೇ ಹಾಕಿಸ್ಕೊಳ್ಳಿ, ಬೇಕಾದ್ರೆ ಇನ್ನೊಮ್ಮೆ ಹೋಗಿ, ಯಾರೂ ಬೇಡ ಅನ್ನುದಿಲ್ಲ. ಮತ್ತೆ ಬಿಲ್ಲಿನಲ್ಲಿ ದಿನದ ಲೆಕ್ಕದಲ್ಲಿ ಟಿಪ್ಸ್ ಅಂತ ಹಾಕಿರ್ತಾರಲ್ಲ, ಕೊನೆಯ ದಿನ ಕೌಂಟರಿಗೆ ಹೋಗಿ ಅದನ್ನು ತೆಗೆಸುವವರನ್ನು ನೋಡಿದ್ದೇನೆ. ಅದು ನಮ್ಮ ಸಂಬಳದ ಭಾಗ, ತೆಗೆಸ್ಬೇಡಿ.

ಇನ್ನು ಕೆಲಸದ ಹೊತ್ತಿನ ವಿಷಯ, ಇದು ನಮ್ಮ ಹುಡುಗರು ಗಮನ ಕೊಟ್ಟು ಓದ್ಬೇಕು. ಎಂಎಲ್‌ಸಿ 2006 ಅಂತ ಅಂತಾರಾಷ್ಟ್ರೀಯ ಕಾನೂನು ಉಂಟು, ಹಡಗಿನ ಕೆಲಸದವರಿಗೆ ಅಂತಲೇ ಮಾಡಿದ್ದು, ಭಾರತ ಅದಕ್ಕೆ 2015ರ ಅಕ್ಟೋಬರಿನಲ್ಲಿ ಒಪ್ಪಿಗೆ ಹಾಕಿದೆ. ವಿಶ್ರಾಂತಿಯ ಲೆಕ್ಕ ಹಿಡಿಯುವ ಹಡಗಿನಲ್ಲಿ 24 ಗಂಟೆಯಲ್ಲಿ ಕಡಿಮೆ ಅಂದ್ರೆ 10 ಗಂಟೆ ವಿಶ್ರಾಂತಿ, ವಾರಕ್ಕೆ 77 ಗಂಟೆ, ಆ ಹತ್ತು ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡ್ಲಿಕ್ಕಿಲ್ಲ, ಒಂದು ತುಂಡು ಆರು ಗಂಟೆಗೆ ಕಡಿಮೆ ಆಗ್ಬಾರ್ದು. ಕಾಗದದಲ್ಲಿ ಇದು ಒಳ್ಳೇದುಂಟು. ಆದ್ರೆ ಸಾಲಾಗಿ ಐದಾರು ಸೀ ಡೇ ಬಂದಾಗ ಎಂತ ಆಗ್ತದೆ ಅಂದ್ರೆ, ಬ್ರೇಕಿನ ಹೊತ್ತಿಗೇ ಟ್ರೈನಿಂಗ್ ಇರ್ತದೆ, ವಾರಕ್ಕೊಮ್ಮೆ ಬೆಂಕಿ ಮತ್ತು ಲೈಫ್ ಬೋಟ್ ಡ್ರಿಲ್ ಇರ್ತದೆ, ಅದು ಬೇಕೇ ಬೇಕು, ಏಳು ಸಣ್ಣ ಸೈರನ್ ಒಂದು ಉದ್ದದ್ದು ಕೇಳಿದ್ರೆ ಎಂತ ಮಾಡ್ಬೇಕು ಅಂತ ನಿದ್ದೆಯಲ್ಲೂ ಗೊತ್ತಿರ್ಬೇಕಾದದ್ದು. ಆದ್ರೆ ಆ ಹೊತ್ತು ಹೋಗುದು ನಮ್ಮ ನಿದ್ದೆಯಿಂದ. ನಾನಿದ್ದ ಒಂದು ಹಡಗಿನಲ್ಲಿ ವಿಶ್ರಾಂತಿಯ ಶೀಟಿನಲ್ಲಿ ಹತ್ತು ಗಂಟೆ ಅಂತಲೇ ಬರೀ ಅಂತ ಸೂಪರ್‌ವೈಸರ್ ಹೇಳಿದ್ರು, ಎಂಟು ಗಂಟೆ ಮಾತ್ರ ಸಿಕ್ಕಿದ ದಿನವೂ. ಸೈನ್ ಹಾಕಿದೆ. ಹಾಕ್ಬಾರ್ದಿತ್ತು. ಮುಂದಿನ ಕಾಂಟ್ರಾಕ್ಟ್ ಸಿಗದಿದ್ರೆ ಅಂತ ಹೆದರಿಕೆ, ತಂಗಿಯ ಮದುವೆಯ ಸಾಲ ತಲೆಯ ಮೇಲೆ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಕ್ರೂಸ್ ಎಲ್ಲಾ ನಿಂತಾಗ ಗೆಸ್ಟುಗಳನ್ನು ಇಳಿಸಿದ್ರು, ನಮ್ಮನ್ನು ಇಳಿಸ್ಲಿಕ್ಕೆ ಯಾವ ಬಂದರೂ ಬಿಡ್ಲಿಲ್ಲ. ಬಹಾಮಾಸ್ ಹತ್ರ ಲಂಗರು ಹಾಕಿ ನಿಂತೆವು, ಸುಮಾರು ಮೂರು ತಿಂಗಳು. ಒಬ್ಬೊಬ್ಬರಿಗೆ ಒಂದೊಂದು ಗೆಸ್ಟ್ ಕ್ಯಾಬಿನ್ ಕೊಟ್ರು, ನನಗೆ ಬಾಲ್ಕನಿ ಇದ್ದದ್ದೇ ಸಿಕ್ಕಿತು. ಹದಿಮೂರು ವರ್ಷದಲ್ಲಿ ಮೊದಲ ಸಲ ಹಡಗಿನಲ್ಲಿ ಮಲಗಿದಲ್ಲಿಂದ ಕಡಲು ನೋಡಿದ್ದು ಆಗ. ಆ ಲೇಖನ ಬರೆದವರು ಹೇಳಿದ ಆರಾಮ ಎಂತದು ಅಂತ ನನಗೆ ಅರ್ಥ ಆದದ್ದೂ ಆಗಲೇ, ಕಡಲು ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಒಂದು, ಹಾರುವ ಮೀನು ಗುಂಪಾಗಿ ಎದ್ದು ಬೀಳುದು. ಆದ್ರೆ ಮನೆಗೆ ಯಾವಾಗ ಅಂತ ಗೊತ್ತಿಲ್ಲದವನಿಗೆ ಅದನ್ನು ಎಷ್ಟು ಹೊತ್ತು ನೋಡ್ಲಿಕ್ಕೆ ಆಗ್ತದೆ ಹೇಳಿ. ಕೊನೆಗೆ ಚಾರ್ಟರ್ ಫ್ಲೈಟಿನಲ್ಲಿ ಗೋವಾಕ್ಕೆ ಬಂದು, ಅಲ್ಲಿಂದ ಟ್ಯಾಕ್ಸಿ ಮಾಡಿ ಕರ್ನಾಟಕ ಕೇರಳದ ತಲಪಾಡಿ ಗಡಿಗೆ ಬಂದೆ. ಗಡಿ ದಾಟುವ ಪಾಸಿನ ಮೆಸೇಜ್ ಮೊಬೈಲಿಗೆ ಬರ್ಲಿಲ್ಲ ಅಂತ ಅಲ್ಲಿ ಆರು ಗಂಟೆ ರಸ್ತೆ ಬದಿಯಲ್ಲಿ ಕೂತೆ. ಮನೆಗೆ ಅಲ್ಲಿಂದ ಹತ್ತು ಕಿಲೋಮೀಟರೂ ಇಲ್ಲ. ಅರ್ಧ ಭೂಮಿ ಸುತ್ತಿ ಬಂದವ ಊರಿನ ಬಾಗಿಲಲ್ಲಿ ಕೂತದ್ದು ಗಡಿಯವರಿಗೆ ಮಾತ್ರ ಅರ್ಥ ಆಗುವ ವಿಷಯ, ನಿಮ್ಮ ಪತ್ರಿಕೆ ಆಗ ನಮ್ಮ ಕಷ್ಟ ಬರೆದದ್ದು ಮರೀಲಿಲ್ಲ.

ಅದಕ್ಕೇ ನಿಮ್ಮಲ್ಲಿ ಕೇಳುದು. ಪಾಲಕುನ್ನು, ಕೋಟಿಕುಳಂ ಕಡೆ ಎಷ್ಟೋ ಮನೆಯವ್ರು ತಲೆಮಾರಿನಿಂದ ಹಡಗಿನಲ್ಲಿದ್ದಾರೆ, ಅವರಿಗೆ ದಾರಿ ಗೊತ್ತುಂಟು. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮೀಡಿಯಂ ಹುಡುಗರಿಗೆ ಗೊತ್ತಿಲ್ಲ. ಅವರು ಇಂಥಾ ಲೇಖನ ಓದುದು, ಮೊಬೈಲಿನಲ್ಲಿ ಫೋಟೋ ನೋಡುದು, ಆಮೇಲೆ ಏಜೆಂಟಿನ ಹತ್ರ ಹೋಗುದು. ನಾನು 2006ರಲ್ಲಿ ಒಬ್ಬ ಏಜೆಂಟಿಗೆ ಅಮ್ಮನ ಕರಿಮಣಿ ಅಡವಿಟ್ಟು ಎಂಬತ್ತು ಸಾವಿರ ಕೊಟ್ಟವ, ಹನ್ನೊಂದು ತಿಂಗಳು ಇವತ್ತು ನಾಳೆ ಅಂತ ಹೇಳಿ ಫೋನ್ ಎತ್ತುದೇ ಬಿಟ್ಟ. ಈಗ ನಿಯಮ ಸ್ಪಷ್ಟ ಉಂಟು: ಕೆಲಸ ಕೊಡಿಸ್ಲಿಕ್ಕೆ ಅಂತ ನಮ್ಮಿಂದ ಫೀಸು ತಗೊಳ್ಳುವ ಹಾಗೇ ಇಲ್ಲ. ಮೆಡಿಕಲ್ ಸರ್ಟಿಫಿಕೇಟು, ಪಾಸ್‌ಪೋರ್ಟು, ಸಿಡಿಸಿ ಅಂದ್ರೆ ಹಡಗಿನ ಕೆಲಸದವರ ಗುರುತಿನ ಪುಸ್ತಕ, ಇದರ ಖರ್ಚು ನಮ್ಮದು, ವೀಸಾದ ಖರ್ಚು ಹಡಗಿನವರದ್ದು. ಏಜೆಂಟಿನ ಹತ್ರ ಆರ್‌ಪಿಎಸ್‌ಎಲ್ ನಂಬರ್, ಅಂದ್ರೆ ಹಡಗಿಗೆ ಜನ ಸೇರಿಸ್ಲಿಕ್ಕೆ ಸರ್ಕಾರ ಕೊಡುವ ಲೈಸೆನ್ಸಿನ ನಂಬರ್, ಇರ್ಲೇಬೇಕು, ಮುಂಬೈಯಲ್ಲಿರುವ ಕೇಂದ್ರ ಸರ್ಕಾರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್‌ನ ವೆಬ್‌ಸೈಟಿನಲ್ಲಿ ಆ ನಂಬರ್ ಸರಿ ಉಂಟಾ ಅಂತ ಮೊಬೈಲಿನಲ್ಲೇ ನೋಡ್ಬಹುದು, ಐದು ನಿಮಿಷದ ಕೆಲಸ. ನಂಬರ್ ಕೇಳಿದ ಕೂಡ್ಲೇ ಮಾತು ತಿರುಗಿಸಿದ್ರೆ ಅಲ್ಲಿಂದ ಎದ್ದು ಬನ್ನಿ.

ಹೋಗ್ಬೇಡಿ ಅಂತ ನಾನು ಹೇಳುದಿಲ್ಲ. ಆ ದುಡಿಮೆಯಿಂದ ಮನೆ ಕಟ್ಟಿದ್ದೇನೆ, ತಂಗಿಯ ಮದುವೆ ಆಯ್ತು, ಕರಿಮಣಿ ಬಿಡಿಸಿ ಅಮ್ಮನ ಕೊರಳಿಗೆ ನಾನೇ ಹಾಕಿದೆ, ಮಗಳು ಈಗ ಮಂಗಳೂರಿನಲ್ಲಿ ನರ್ಸಿಂಗ್ ಓದ್ತಾ ಇದ್ದಾಳೆ. ಆದ್ರೆ ಗೊತ್ತಿದ್ದು ಹೋಗ್ಲಿ. ನಿಮ್ಮ ಪುರವಣಿಯಲ್ಲಿ ಕ್ರೂಸಿನ ಬಗ್ಗೆ ಇನ್ನೊಂದು ಪುಟ ಹಾಕುದಾದ್ರೆ ಕೆಳಗಿನ ಡೆಕ್ಕಿನ ಒಬ್ಬರ ಹತ್ರವೂ ಮಾತಾಡಿಸಿ ಹಾಕಿ, ಈ ಭಾಗದಲ್ಲಿ ರಜೆಯಲ್ಲಿ ಬಂದವ್ರು ಯಾವಾಗಲೂ ನಾಲ್ಕೈದು ಜನ ಇರ್ತಾರೆ, ಬೇಕಾದ್ರೆ ನಾನೇ ಕರ್ಕೊಂಡು ಬರ್ತೇನೆ. ಆ ಆರ್‌ಪಿಎಸ್‌ಎಲ್ ವಿಷಯ ಮಾತ್ರ ಈ ವಾರವೇ ಒಂದು ಬಾಕ್ಸಿನಲ್ಲಿ ಹಾಕಿದ್ರೆ ಉಪಕಾರ. ನಮ್ಮ ನೆರೆಮನೆಯ ಹುಡುಗ ಮುಂದಿನ ಸೋಮವಾರ ಒಬ್ಬ ಏಜೆಂಟಿಗೆ ದುಡ್ಡು ಕೊಡ್ಲಿಕ್ಕೆ ಹೋಗುವವ, ನಾನು ಹೇಳಿದ್ರೆ ಕೇಳುದಿಲ್ಲ, ಪೇಪರಿನಲ್ಲಿ ಬಂದ್ರೆ ಕೇಳ್ತಾನೆ.

ಇಂತಿ,
ಹದಿಮೂರು ವರ್ಷ ಹಡಗಿನಲ್ಲಿದ್ದ ಒಬ್ಬ ಓದುಗ
ಮಂಜೇಶ್ವರ